ಸ್ವಿಫ್ಟ್ ಇಳಿಸಬೇಕೋ, ಮೊದಲು ರಿಪೇರಿ ಮಾಡಬೇಕೋ: ಹುಬ್ಬಳ್ಳಿಯ ಒಂದು ಸಸ್ಪೆನ್ಷನ್ ಕೆಲಸ

ಗಾಡಿ 2009ರ ಮಾರುತಿ ಸ್ವಿಫ್ಟ್, 1.3 ಲೀಟರ್ ಪೆಟ್ರೋಲ್, ವಿಎಕ್ಸ್‌ಐ. ಅಕ್ಕನ ಮಗನದು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ತಿರುವಿನಲ್ಲಿ ವಾಲುತ್ತದೆ, ಗಬ್ಬೂರು ಬೈಪಾಸಿನಲ್ಲಿ ಎದುರಿನಿಂದ ಲಾರಿ ಬಂದು ಹೋದರೆ ಅಲ್ಲಾಡುತ್ತದೆ, ಬ್ರೇಕ್ ಹಿಡಿದರೆ ಎಡಕ್ಕೆ ಎಳೆಯುತ್ತದೆ ಎಂಬುದು ಅವನ ದೂರು. ಮೂರಕ್ಕೂ ಅವನ ಹತ್ತಿರ ಒಂದೇ ಮದ್ದು ಇತ್ತು.

"ಮಾಮಾ, ಲೋವರಿಂಗ್ ಸ್ಪ್ರಿಂಗ್ ಹಾಕಿ ಒಂದೂವರೆ ಇಂಚ ಇಳಿಸಿಬಿಡೂಣ್ರಿ. ರೋಡಿಗೆ ಅಂಟಿಕೊಂಡಂಗ ಓಡತೈತಿ."

ಗೆಳೆಯನೊಬ್ಬ ತನ್ನ ಸ್ವಿಫ್ಟಿನಿಂದ ಬಿಚ್ಚಿಟ್ಟ ಸೆಟ್ ಪುಕ್ಕಟೆ ಸಿಗುವುದಿತ್ತು. ಅಷ್ಟು ಚಲೋ ಇದ್ದರೆ ಆ ಗೆಳೆಯ ಯಾಕೆ ಬಿಚ್ಚಿಟ್ಟ ಎಂದು ಕೇಳಿದೆ. ಉತ್ತರ ಬರಲಿಲ್ಲ. ಆದರೂ ಹಾಕಿ ನೋಡೋಣ ಎಂದೆ, ಒಂದು ಷರತ್ತಿನ ಮೇಲೆ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದರ ನಂತರ ಅಳತೆ. ನಾಲ್ಕು ಸಾಮಾನು ಒಮ್ಮೆಲೇ ಬದಲಿಸಿ "ಗಾಡಿ ಮಸ್ತ್ ಆತು" ಅನ್ನುವವರಿಗೆ ಯಾವುದರಿಂದ ಮಸ್ತ್ ಆಯಿತು ಎಂಬುದು ಗೊತ್ತೇ ಇರುವುದಿಲ್ಲ. ಹೊಸ ಸ್ಪ್ರಿಂಗ್ ಜೊತೆ ಹೊಸ ಶಾಕಪ್, ಹೊಸ ಬುಷ್ (ಕೀಲಿನ ರಬ್ಬರ್), ಹೊಸ ಟೈರ್ ಹಾಕಿ ಹೆಸರೆಲ್ಲ ಸ್ಪ್ರಿಂಗಿಗೆ ಕೊಡುವುದು ಗ್ಯಾರೇಜುಗಳ ಹಳೇ ಚಾಳಿ.

ಅಳೆಯುವುದು ಹೇಗೆ

ಅಣ್ಣಿಗೇರಿ ಕಡೆ ಪರಿಚಯದವರದೊಂದು ಹತ್ತಿ ಜಿನ್ನಿಂಗ್ ಮಿಲ್ ಇದೆ. ಸೀಸನ್ ಮುಗಿದ ಮೇಲೆ ಅಂಗಳ ಖಾಲಿ, ನೆಲಕ್ಕೆ ಕಾಂಕ್ರೀಟ್. ನಡುವೆ ಗೂಟ ನಿಲ್ಲಿಸಿ, 12 ಮೀಟರ್ ಹಗ್ಗ ಹಿಡಿದು ಸುತ್ತಲೂ ಸುಣ್ಣದ ಗೆರೆ ಹಾಕಿದೆವು. ಕಾರಿನ ನಡುಭಾಗ ಗೆರೆಯ ಮೇಲೆ ಇರುವಂತೆ ಸುತ್ತಬೇಕು. ಮುಂದಿನ ಟೈರ್ ಕಿರುಚಿ ಹೊರಗೆ ಜಾರುವ ಹಂತದವರೆಗೆ ನಿಧಾನವಾಗಿ ವೇಗ ಏರಿಸಿ, ಆ ವೇಗದಲ್ಲಿ ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಎಂದು ನೋಡುವುದು. ಗಂಟೆಗೆ 30 ಕಿಲೋಮೀಟರ್ ಆಸುಪಾಸಿನ ವೇಗ ಅಷ್ಟೇ, ಆದರೂ ಸುತ್ತಮುತ್ತ ಯಾರೂ ಇರಬಾರದು.

ಲೆಕ್ಕ ಸರಳ. ಪಕ್ಕದ ವೇಗೋತ್ಕರ್ಷ (ಪ್ರತಿ ಕೆಜಿಗೆ ಬೀಳುವ ಎಳೆತ) ಬೇಕಾದರೆ 4 ಪೈ ವರ್ಗವನ್ನು ತ್ರಿಜ್ಯದಿಂದ ಗುಣಿಸಿ, ಸಮಯದ ವರ್ಗದಿಂದ ಭಾಗಿಸುವುದು. ಅದನ್ನು ಮತ್ತೆ 9.81ರಿಂದ ಭಾಗಿಸಿದರೆ 'ಜಿ' ಲೆಕ್ಕದಲ್ಲಿ, ಅಂದರೆ ಭೂಮಿಯ ಎಳೆತಕ್ಕೆ ಹೋಲಿಸಿದ ಲೆಕ್ಕದಲ್ಲಿ ಸಿಗುತ್ತದೆ. ಗಾಡಿ ಬಂದ ಸ್ಥಿತಿಯಲ್ಲೇ ಸುತ್ತಿದಾಗ 9.2 ಸೆಕೆಂಡ್, ಅಂದರೆ 0.57 ಜಿ.

ಇದು ಹಿಡಿತದ ಅಳತೆ ಮಾತ್ರ. ಹ್ಯಾಂಡ್ಲಿಂಗ್ ಅಂದರೆ ಹಿಡಿತವೊಂದೇ ಅಲ್ಲ. ಸ್ಟೇರಿಂಗ್ ತಿರುಗಿಸಿದ ಮೇಲೆ ಗಾಡಿ ಎಷ್ಟು ಬೇಗ ಮಾತು ಕೇಳುತ್ತದೆ, ತಿರುವಿನ ನಡುವೆ ಗುಂಡಿ ಬಂದರೆ ದಾರಿ ಬಿಡುತ್ತದೋ ಇಲ್ಲವೋ, ಇವೂ ಅದರಲ್ಲೇ ಬರುತ್ತವೆ. ಅದಕ್ಕೆ ಎರಡನೇ ಪರೀಕ್ಷೆ ನವಲಗುಂದ ರಸ್ತೆಯಲ್ಲಿ. ಮುಂದಿನ ಶಾಕಪ್ ಕಂಬದ, ಅಂದರೆ ಸ್ಟ್ರಟ್ಟಿನ, ಡಸ್ಟ್ ಕವರ್ ಮೇಲೆ ಸರಿಸಿ, ಹೊಳೆಯುವ ರಾಡಿಗೆ ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದೆವು. ಶಾಕಪ್ ಎಷ್ಟು ಒಳಗೆ ಹೋಯಿತೋ ಅಷ್ಟು ದೂರ ಟೈ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ವಾಪಸ್ ಬಂದು ಸ್ಕೇಲ್ ಹಿಡಿದರೆ ಮುಗಿಯಿತು. ಇಷ್ಟು ಅಗ್ಗದ, ಸುಳ್ಳು ಹೇಳದ ಉಪಕರಣ ನನಗೆ ಬೇರೆ ಗೊತ್ತಿಲ್ಲ.

ಕೆಳಗೆ ಏನಿತ್ತು

ಗೋಕುಲ ರೋಡ್ ಕಡೆ ನನಗೆ ಬಹಳ ವರ್ಷಗಳಿಂದ ಗೊತ್ತಿರುವ ಒಬ್ಬ ಮಿಸ್ತ್ರಿ ಇದ್ದಾರೆ. ಅವರ ಜಾಗದಲ್ಲೇ ಗಾಡಿ ಎತ್ತಿದೆವು. ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ಲೋವರ್ ಆರ್ಮಿನ ಹಿಂದಿನ ದೊಡ್ಡ ಬುಷ್ಷಿಗೆ ಕಬ್ಬಿಣದ ಬಾರ್ ಕೊಟ್ಟು ಎಳೆದದ್ದೇ ತಡ, ಆರ್ಮ್ ಪೂರ್ತಿ ಹಿಂದೆ ಮುಂದೆ ಓಡಾಡಿತು. ಎಡಗಡೆಯ ಬುಷ್ಷಿನ ರಬ್ಬರ್ ಕಡಕ್ ರೊಟ್ಟಿಯಂತೆ ಬಿರುಕು ಬಿಟ್ಟಿತ್ತು.

"ಸ್ಪ್ರಿಂಗಿಂದ ಆಮ್ಯಾಲ ಮಾತಾಡೂಣ್ರಿ ಸಾಹೇಬ್ರ, ಮದಲ ಇದನ್ನ ನೋಡ್ರಿ," ಅಂದರು ಮಿಸ್ತ್ರಿ.

ಬ್ರೇಕ್ ಹಿಡಿದಾಗ ಎಡಕ್ಕೆ ಎಳೆಯುವುದಕ್ಕೆ ಕಾರಣ ಅಲ್ಲೇ ಸಿಕ್ಕಿತು. ಬ್ರೇಕಿನ ಬಲ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಬುಷ್ ಸತ್ತ ಕಡೆಯ ಚಕ್ರ ಹೆಚ್ಚು ಹಿಂದೆ ಸರಿಯುತ್ತದೆ, ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಮಾತ್ರ ಇದ್ದಲ್ಲೇ ಇರುತ್ತದೆ, ಆಗ ಚಕ್ರ ತಾನೇ ತಿರುಗಿಕೊಳ್ಳುತ್ತದೆ. ಇಂಥ ಗಾಡಿಗೆ ಎಂಥ ದುಬಾರಿ ಸ್ಪ್ರಿಂಗ್ ಹಾಕಿದರೂ ಆ ಬುಷ್ ಹಾಗೇ ಅಲ್ಲಾಡುತ್ತಿರುತ್ತದೆ. ಉಳಿದಂತೆ ಗಾಡಿ ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರಿನ ಲಿಂಕ್ ರಾಡ್ ಎರಡೂ ಸಡಿಲ ('ಟಕ್ ಟಕ್' ಸಪ್ಪಳ ಅದರದೇ), ಬಲಗಡೆ ಸ್ಟ್ರಟ್ ಎಣ್ಣೆ ಕಾರಿತ್ತು, ಶಾಕಪ್ ಪೂರ್ತಿ ಒಳಗೆ ಹೋದಾಗ ಪೆಟ್ಟು ತಡೆಯುವ ಬಂಪ್ ಸ್ಟಾಪ್ ಅರ್ಧ ಪುಡಿಯಾಗಿತ್ತು. ಲಿಂಕ್ ಸಡಿಲವಿದ್ದರೆ ಬಾರ್ ಇದ್ದೂ ಕೆಲಸ ಶುರು ಮಾಡುವುದು ತಡವಾಗುತ್ತದೆ. ಗಾಡಿ ಮೊದಲು ಒಂದಿಷ್ಟು ವಾಲಿ, ಆಮೇಲೆ ಬಾರ್ ಹಿಡಿಯುತ್ತದೆ. ಅಳಿಯನ "ವಾಲುತ್ತದೆ" ಎಂಬ ದೂರಿನ ಅರ್ಧ ಭಾಗ ಇದೇ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇವನ ಟೈರಿನಲ್ಲಿ 2316 ಎಂದಿತ್ತು, ಅಂದರೆ 2016ರ 23ನೇ ವಾರ. ಗೀರು ಇನ್ನೂ ಆಳವಿದ್ದರೂ ಉಗುರು ಒತ್ತಿದರೆ ಇಳಿಯದಷ್ಟು ರಬ್ಬರ್ ಗಟ್ಟಿಯಾಗಿತ್ತು. ಟೈರ್ ಸದ್ಯಕ್ಕೆ ಹಾಗೇ ಬಿಟ್ಟೆವು, ಅದರ ಸರದಿ ಬೇರೆ.

ಬಿಚ್ಚುವುದು, ಕೂರಿಸುವುದು

ಮುಂದಿನದು ಮ್ಯಾಕ್‌ಫರ್ಸನ್ ಸ್ಟ್ರಟ್: ಶಾಕಪ್, ಸ್ಪ್ರಿಂಗ್ ಒಂದೇ ಕಂಬದಲ್ಲಿ. ಗಾಡಿ ನೆಲದ ಮೇಲಿರುವಾಗಲೇ ವೀಲ್ ನಟ್ ಸಡಿಲಿಸಿ, ಜ್ಯಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೈ ಒಳಗೆ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗುವವರನ್ನು ದಿನಾ ನೋಡುತ್ತೇವೆ, ಅದು ಬೇಡ. ಬ್ರೇಕ್ ಪೈಪಿನ ಕ್ಲಿಪ್ ತೆಗೆದು, ಲಿಂಕ್ ರಾಡ್ ಬಿಡಿಸಿ, ಸ್ಟ್ರಟ್ ಮತ್ತು ನಕಲ್ (ಚಕ್ರ ಕೂರುವ ಭಾಗ) ಕೂಡಿಸುವ ಎರಡು ದೊಡ್ಡ ಬೋಲ್ಟ್ ತೆಗೆಯುವ ಮುನ್ನ ಬಿಳಿ ಪೇಂಟಿನಿಂದ ಗುರುತು ಹಾಕಿಕೊಂಡೆವು. ಆ ಬೋಲ್ಟಿನ ರಂಧ್ರದಲ್ಲಿರುವ ಸಣ್ಣ ಜಾಗದಿಂದಲೇ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ, ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ.

ಸ್ಪ್ರಿಂಗ್ ಕಂಪ್ರೆಸರ್ ಎದುರುಬದುರು ಸಮನಾಗಿ ಹಾಕಬೇಕು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಸ್ವಲ್ಪಸ್ವಲ್ಪ ಬಿಗಿಯಬೇಕು. ಮೇಲಿನ ನಟ್ ಬಿಚ್ಚುವಾಗ ಮುಖ ಅದರ ನೇರಕ್ಕೆ ಇರಬಾರದು. ಸ್ಪ್ರಿಂಗ್ ಪೂರ್ತಿ ಸಡಿಲವಾಗಿ ಕೈಯಲ್ಲಿ ತಿರುಗುವವರೆಗೂ ನಟ್ ಮುಟ್ಟುವುದಿಲ್ಲ ಎಂಬುದು ಮಿಸ್ತ್ರಿಯ ನಿಯಮ.

ಹಿಂದುಗಡೆ ಕೆಲಸ ಸಲೀಸು. ಎರಡೂ ಚಕ್ರ ಜೋಡಿಸುವ ತೊಲೆ, ಅಂದರೆ ಟಾರ್ಷನ್ ಬೀಮ್; ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ. ಬೀಮಿಗೆ ಜ್ಯಾಕ್ ಕೊಟ್ಟು ಶಾಕಪ್ಪಿನ ಕೆಳಗಿನ ಬೋಲ್ಟ್ ತೆಗೆದು ಬೀಮ್ ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಹೊರಗೆ. ಬ್ರೇಕ್ ಹೋಸ್ ಎಳೆದುಕೊಳ್ಳದಂತೆ ನೋಡಿಕೊಂಡರೆ ಸಾಕು.

ಹೊಸದಾಗಿ ಹಾಕಿದ್ದು: ಎರಡೂ ಲೋವರ್ ಆರ್ಮ್, ಲಿಂಕ್ ರಾಡ್, ಮುಂದಿನ ಸ್ಟ್ರಟ್, ಅದರ ಮೌಂಟ್ ಮತ್ತು ಬೇರಿಂಗ್, ಬಂಪ್ ಸ್ಟಾಪ್, ಹಿಂದಿನ ಶಾಕಪ್. ಎಲ್ಲ ಮೂಲ ಅಳತೆಯವೇ, ಹಾಗಾಗಿ ಈ ರಿಪೇರಿಯನ್ನೆಲ್ಲ ಸೇರಿಸಿ ಒಂದೇ ಬದಲಾವಣೆ ಎಂದು ಹಿಡಿದೆವು. ಸ್ಪ್ರಿಂಗ್ ಹಳೆಯದೇ ಇಟ್ಟೆವು. ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದಾಗ ಎಡಬಲ ಸಮನಾಗಿತ್ತು, ಎಲ್ಲೂ ಕುಸಿದಿರಲಿಲ್ಲ.

ಒಂದು ವಿಷಯ ಒತ್ತಿ ಹೇಳಬೇಕು. ಲೋವರ್ ಆರ್ಮಿನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ರಬ್ಬರ್ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಆರ್ಮ್ ಕೆಳಗೆ ಜೋತುಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿರುತ್ತದೆ, ಬೇಗ ಹರಿಯುತ್ತದೆ. ಆರ್ಮಿನ ಕೆಳಗೆ ಜ್ಯಾಕ್ ಕೊಟ್ಟು ಗಾಡಿ ನಿಲ್ಲುವ ಎತ್ತರಕ್ಕೆ ತಂದು ಆಗ ಟಾರ್ಕ್ ರೆಂಚ್ ಹಾಕಬೇಕು. ಹೊಸ ಬುಷ್ ಬೇಗ ಹೋಯಿತು, ಸಾಮಾನು ಡುಪ್ಲಿಕೇಟ್ ಎಂದು ಅಂಗಡಿಯವನ ಮೇಲೆ ಹರಿಹಾಯುವವರು ಒಮ್ಮೆ ಇದನ್ನು ವಿಚಾರಿಸಲಿ.

ಆಮೇಲೆ ವೀಲ್ ಅಲೈನ್‌ಮೆಂಟ್. ಮುಂಚಿನ ಹಾಗೂ ನಂತರದ ಅಂಕಿಗಳ ಪ್ರಿಂಟ್ ಕೇಳಿ ತಗೊಂಡೆವು. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಮತ್ತೆ ಜಿನ್ನಿಂಗ್ ಮಿಲ್ಲಿನ ಅಂಗಳ: 9.1 ಸೆಕೆಂಡ್, 0.58 ಜಿ. ಅಳಿಯನ ಮುಖ ಸಪ್ಪಗಾಯಿತು. ಆದರೆ ಇದು ಹೀಗೇ ಬರಬೇಕಾದದ್ದು. ಒಂದೇ ವೇಗದಲ್ಲಿ ವೃತ್ತ ಸುತ್ತುವಾಗ ಗಾಡಿ ವಾಲಿ ನಿಂತುಬಿಟ್ಟಿರುತ್ತದೆ, ಶಾಕಪ್ ಮೇಲೆ ಕೆಳಗೆ ಚಲಿಸುವುದೇ ಇಲ್ಲ. ಚಲಿಸದ ಶಾಕಪ್ ಯಾವ ಬಲವನ್ನೂ ತಡೆಯುವುದಿಲ್ಲ. ಅದರ ಕೆಲಸ ತಿರುವಿಗೆ ಹೊರಳುವಾಗ, ಹೊರಬರುವಾಗ, ಗುಂಡಿಯಲ್ಲಿ. ಅಂಗಳದಿಂದ ಹುಬ್ಬಳ್ಳಿಗೆ ವಾಪಸ್ ಬರುವಷ್ಟರಲ್ಲಿ ಅವನೇ "ಬ್ಯಾರೆ ಗಾಡಿ ಆತಲ್ರಿ ಮಾಮಾ" ಅಂದ. ಬ್ರೇಕಿನ ಎಳೆತ ಹೋಗಿತ್ತು, ಲಾರಿಯ ಗಾಳಿಗೆ ತೂರಾಡುವುದು ನಿಂತಿತ್ತು.

ಟೈರ್

ಈ ಸ್ವಿಫ್ಟಿನ ವಿಎಕ್ಸ್‌ಐಗೆ ಕಂಪನಿ ಕೊಟ್ಟದ್ದು 165/80 ಆರ್14, ಅದೇ ಕಾಲದ ಝಡ್‌ಎಕ್ಸ್‌ಐಗೆ 185/70 ಆರ್14. ಮೊದಲನೆಯದರ ವ್ಯಾಸ ಸುಮಾರು 620 ಮಿಲಿಮೀಟರ್, ಎರಡನೆಯದು 615. ಶೇಕಡಾ ಒಂದಕ್ಕಿಂತ ಕಡಿಮೆ ವ್ಯತ್ಯಾಸ, ಸ್ಪೀಡೋಮೀಟರ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 185 ಹಾಕಿಸಿದೆವು. ಅಂಗಳದಲ್ಲಿ 8.6 ಸೆಕೆಂಡ್, 0.65 ಜಿ.

ಇಡೀ ಕೆಲಸದಲ್ಲಿ ಇಷ್ಟು ದೊಡ್ಡ ಜಿಗಿತ ಬೇರೆ ಯಾವುದರಿಂದಲೂ ಬರಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯುವುದೂ ಬೇಕಿಲ್ಲ. ಗಾಡಿ ನೆಲಕ್ಕೆ ತಾಗುವುದು ಅಲ್ಲಿ ಮಾತ್ರ.

ಇಳಿಸಿದ ಮೇಲೆ

ಈಗ ಗೆಳೆಯನ ಸ್ಪ್ರಿಂಗ್. ಮೂಲದ್ದರ ಪಕ್ಕ ಇಟ್ಟು ವರ್ನಿಯರ್ ಹಿಡಿದರೆ ತಂತಿ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ, ಕೆಲಸ ಮಾಡುವ ಸುರುಳಿ ಸುಮಾರು ಅರ್ಧ ಸುತ್ತು ಕಡಿಮೆ. ಅರ್ಧ ಮಿಲಿಮೀಟರ್ ಅಂದರೆ ಕ್ಷುಲ್ಲಕ ಅನ್ನಿಸಬಹುದು. ಆದರೆ ಕಾಯಿಲ್ ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಸುತ್ತು ಕಡಿಮೆಯಾದಂತೆಯೂ ಏರುತ್ತದೆ. 12 ಮಿಲಿಮೀಟರ್ ತಂತಿಯನ್ನು 13 ಮಾಡಿದರೆ ಗಡಸು ಶೇ. 38 ಹೆಚ್ಚು. ನಮ್ಮ ಕೈಯಲ್ಲಿದ್ದದ್ದು ಲೆಕ್ಕಕ್ಕೆ ಶೇ. 30ರ ಆಸುಪಾಸು ಗಡಸು. ಸ್ಪ್ರಿಂಗ್ ಕತ್ತರಿಸಿದರೂ ಸುತ್ತು ಕಡಿಮೆಯಾಗಿ ಗಡಸಾಗುತ್ತದೆ ನಿಜ, ಆದರೆ ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಹಚ್ಚಿ ಕೂರಿಸುವವರಂತೂ ಉಕ್ಕಿನ ಹದವನ್ನೇ ಕೆಡಿಸುತ್ತಾರೆ, ಅದು ಯಾವಾಗ ಮುರಿಯುತ್ತದೋ ಹೇಳಲಾಗದು.

ಹಾಕಿದ ಮೇಲೆ ಗಾಡಿ 35 ಮಿಲಿಮೀಟರ್ ಇಳಿಯಿತು. ನೋಡಲು ಚಂದ ಇತ್ತು, ಸುಳ್ಳು ಹೇಳಬಾರದು. ಅಂಗಳದಲ್ಲಿ 8.5 ಸೆಕೆಂಡ್, 0.67 ಜಿ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ ಬರುವ ಹೆಚ್ಚುಕಡಿಮೆಯೇ ಅಷ್ಟಿರುತ್ತದೆ, ಆದರೂ ಅವನ ಪಾಲಿಗೆ ಕೊಟ್ಟುಬಿಡೋಣ. ವಾಲುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿತ್ತು.

ವಾಲುವುದು ಅಷ್ಟು ಕಡಿಮೆಯಾದರೂ ಹಿಡಿತ ಯಾಕೆ ಏರಲಿಲ್ಲ ಎಂದು ಅವನು ಕೇಳಿದ. ಅಲ್ಲೇ ಸುಣ್ಣದಲ್ಲಿ ಬರೆದು ತೋರಿಸಿದೆ. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಎಷ್ಟು ಭಾರ ವರ್ಗವಾಗುತ್ತದೆ ಎಂಬುದನ್ನು ನಿರ್ಧರಿಸುವುದು ಗಾಡಿಯ ತೂಕ, ಭಾರಕೇಂದ್ರದ ಎತ್ತರ, ಎಡಬಲ ಚಕ್ರಗಳ ಅಂತರ, ತಿರುವಿನ ಬಿರುಸು, ಇಷ್ಟೇ. ಸ್ಪ್ರಿಂಗಿಗೂ ಬಾರಿಗೂ ಆ ಲೆಕ್ಕದಲ್ಲಿ ಜಾಗವಿಲ್ಲ. ಇಬ್ಬರು ಕೂತ ಗಾಡಿ 1,100 ಕೆಜಿ, ಭಾರಕೇಂದ್ರ ಅಂದಾಜು 53 ಸೆಂಟಿಮೀಟರ್ ಎತ್ತರ, ಚಕ್ರಗಳ ಅಂತರ ಸುಮಾರು 1.47 ಮೀಟರ್, ತಿರುವು ಅರ್ಧ ಜಿ ಎಂದು ಹಿಡಿದರೆ 198 ಕೆಜಿ ಹೊರಗೆ ವರ್ಗವಾಗುತ್ತದೆ. 35 ಮಿಲಿಮೀಟರ್ ಇಳಿಸಿದರೆ 185. ಇಷ್ಟೆಲ್ಲ ಮಾಡಿ ಉಳಿದದ್ದು 13 ಕೆಜಿ. ಗಡಸು ಸ್ಪ್ರಿಂಗ್ ವಾಲುವುದನ್ನು ತಡೆಯುತ್ತದೆ, ಭಾರ ವರ್ಗವಾಗುವುದನ್ನಲ್ಲ. ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಪಾಲನ್ನು ಮಾತ್ರ ಅದು ಬದಲಿಸಬಲ್ಲದು.

ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಇನ್ನೊಂದು ತೊಡಕು. ಗಾಡಿ ಇಳಿಸಿದಾಗ ಲೋವರ್ ಆರ್ಮಿನ ಹೊರತುದಿ ಮೇಲೆದ್ದು, ಆರ್ಮ್ ಒಳಮುಖವಾಗಿ ಇಳಿಜಾರಾಗುತ್ತದೆ. ಆಗ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್, ಬಾಡಿ ಇಳಿದದ್ದಕ್ಕಿಂತ ಹೆಚ್ಚು ಕೆಳಗೆ ಜಾರುತ್ತದೆ. ಭಾರಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರ ಹೆಚ್ಚಾಗಿ, ವಾಲಿಸುವ ಸನ್ನೆ ಉದ್ದವಾಗುತ್ತದೆ. ಹೊಸ ಸ್ಪ್ರಿಂಗಿನ ಗಡಸುತನದಲ್ಲಿ ಒಂದು ಪಾಲು ಈ ನಷ್ಟ ತುಂಬುವುದಕ್ಕೇ ಖರ್ಚು. ಟೈ ರಾಡಿನ ಕೋನವೂ ಬದಲಾಗುವುದರಿಂದ ಗುಂಡಿಗೆ ಇಳಿದಾಗ ಚಕ್ರ ತಾನಾಗಿ ಸ್ವಲ್ಪ ತಿರುಗುತ್ತದೆ. ಇಳಿಸಿದ ಮೇಲೆ ಅಲೈನ್‌ಮೆಂಟ್ ಮತ್ತೆ ಮಾಡಿಸಿದೆವು, ಆದರೂ ನಿಂತ ಗಾಡಿಗೆ ಮಾಡಿದ ಅಲೈನ್‌ಮೆಂಟ್ ಓಡುವ ಗಾಡಿಯ ಈ ಚಾಳಿಯನ್ನು ಬಿಡಿಸುವುದಿಲ್ಲ.

ನವಲಗುಂದ ರಸ್ತೆ

ನಿಜವಾದ ತೀರ್ಪು ಬಂದದ್ದು ಇಲ್ಲಿ. ಹುಬ್ಬಳ್ಳಿ ದಾಟಿ ಉತ್ತರಕ್ಕೆ, ಪೂರ್ವಕ್ಕೆ ಹೊರಟರೆ ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಮೇಲೆ ಎಷ್ಟೇ ಚಲೋ ಡಾಂಬರು ಹಾಕಿದರೂ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಅಲೆಯಲೆಯಾಗುತ್ತದೆ. ಗುಂಡಿ ಇರುವುದಿಲ್ಲ, ದೂರದಿಂದ ನೋಡಿದರೆ ನುಣುಪು. ಆದರೆ ಅರವತ್ತರಲ್ಲಿ ಹೋದರೆ ಗಾಡಿ ದೋಣಿಯಾಗುತ್ತದೆ.

ಯಾಕೆ ಅರವತ್ತರಲ್ಲೇ? ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ 16.7 ಮೀಟರ್. ಉಬ್ಬಿನಿಂದ ಉಬ್ಬಿಗೆ 12 ಮೀಟರ್ ಇದ್ದರೆ ಸೆಕೆಂಡಿಗೆ 1.4 ಸಲ ಎತ್ತಿ ಹಾಕಿದಂತೆ. ಸಾಮಾನ್ಯ ಕಾರಿನ ಬಾಡಿ ತನ್ನ ಸ್ಪ್ರಿಂಗಿನ ಮೇಲೆ ತಾನಾಗಿ ಕುಣಿಯುವ ಲಯವೂ ಸೆಕೆಂಡಿಗೆ 1ರಿಂದ 1.5 ಸಲ. ಎರಡೂ ಲಯ ಕೂಡಿದಾಗ ಪ್ರತಿ ಉಬ್ಬು ಹಿಂದಿನದಕ್ಕೆ ಬಲ ಸೇರಿಸುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಶಾಕಪ್ ಒಂದೇ. ಹೊಸ ಶಾಕಪ್, ಮೂಲ ಸ್ಪ್ರಿಂಗ್ ಇದ್ದಾಗ ಗಾಡಿ ಒಂದು ಸಲ ಎದ್ದು ಕೂತು ಸುಮ್ಮನಾಗುತ್ತಿತ್ತು.

ಶೇ. 30 ಗಡಸು ಸ್ಪ್ರಿಂಗ್ ಹಾಕಿದಾಗ ಆ ಲಯ ಸುಮಾರು ಶೇ. 14 ಏರುತ್ತದೆ, ಅಂದರೆ ಕೆಟ್ಟ ವೇಗ ಅರವತ್ತರಿಂದ ಎಪ್ಪತ್ತರ ಹತ್ತಿರಕ್ಕೆ ಹೋಗುತ್ತದೆ. ಶಾಕಪ್ ಮೂಲದ್ದೇ ಇರುವುದರಿಂದ ಗಡಸು ಸ್ಪ್ರಿಂಗಿನ ಎದುರು ಅದರ ಹಿಡಿತ ಶೇ. 12ರಷ್ಟು ದುರ್ಬಲವಾಗುತ್ತದೆ. ಎಪ್ಪತ್ತರಲ್ಲಿ ಹೋದಾಗ ಮೂತಿ ಎದ್ದು ಬಿದ್ದು, ಮೂರನೇ ಅಲೆಗೆ 'ಧಡ್' ಎಂದು ಬಂಪ್ ಸ್ಟಾಪಿಗೆ ಬಡಿಯಿತು. ಮನೆಗೆ ಬಂದು ನೋಡಿದರೆ ಕೇಬಲ್ ಟೈ ಬಂಪ್ ಸ್ಟಾಪಿನ ಬುಡಕ್ಕೆ ಒತ್ತಿ ನಿಂತಿತ್ತು. ಮೂಲ ಸ್ಪ್ರಿಂಗಿನಲ್ಲಿ ಅದೇ ರಸ್ತೆಯಲ್ಲಿ ಎರಡು ಬೆರಳಷ್ಟು ಜಾಗ ಉಳಿದಿತ್ತು. ಸ್ಪ್ರಿಂಗ್ ಗಡಸಾದದ್ದು ಶೇ. 30, ಆದರೆ ಚಕ್ರ ಮೇಲೇಳಲು ಇದ್ದ ಜಾಗದಿಂದ 35 ಮಿಲಿಮೀಟರ್ ಒಮ್ಮೆಲೇ ಹೋಯಿತು. ತಿರುವಿನ ನಡುವೆ ಹೀಗೆ ಬಂಪ್ ಸ್ಟಾಪಿಗೆ ತಾಗಿದರೆ ಆ ಮೂಲೆಯ ಗಡಸುತನ ಕ್ಷಣದಲ್ಲಿ ಅನೇಕ ಪಟ್ಟು ಏರಿ ಟೈರ್ ಜಾರುತ್ತದೆ. ಅಂಗಳದಲ್ಲಿ ಗಳಿಸಿದ 0.02 ಜಿ ಇಲ್ಲಿ ಯಾವ ಮೂಲೆಗೆ?

ಹಿಂದಿನ ಸ್ಪ್ರಿಂಗ್ ಮುಂದಿನದರಷ್ಟು ಗಡಸಾಗಿರಲಿಲ್ಲ, ಮೂತಿ ಹೆಚ್ಚು ಜೀಕಲು ಅದೂ ಕಾರಣ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನಿಯರ್ ಮಾರಿಸ್ ಆಲಿ ತೋರಿಸಿಕೊಟ್ಟ ಸಂಗತಿ ಇದು: ಹಿಂದಿನ ಭಾಗದ ಲಯ ಮುಂದಿನದಕ್ಕಿಂತ ತುಸು ಚುರುಕಾಗಿರಬೇಕು. ಉಬ್ಬು ಮೊದಲು ಮುಂದಿನ ಚಕ್ರಕ್ಕೆ, ಆಮೇಲೆ ಹಿಂದಿನದಕ್ಕೆ ಸಿಗುತ್ತದೆ. ಹಿಂದಿನದು ಚುರುಕಾಗಿದ್ದರೆ ಮುಂದಿನದನ್ನು ಹಿಂಬಾಲಿಸಿ ಹಿಡಿಯುತ್ತದೆ, ಗಾಡಿ ಜೀಕದೆ ಸಮನಾಗಿ ಏರಿಳಿಯುತ್ತದೆ. ನಮ್ಮ ಸೆಟ್ಟಿನಲ್ಲಿ ಇದು ತಿರುವುಮುರುವು.

ಇಷ್ಟೆಲ್ಲ ಆದ ಮೇಲೆ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಇನ್ಶೂರೆನ್ಸ್ ಕ್ಲೇಮಿನ ಹೊತ್ತಿಗೆ ಇದು ಎದ್ದು ಬರಬಹುದು. ಹಾಗಾಗಿ ಪ್ರಯೋಗ ಮುಗಿದೊಡನೆ ಮೂಲ ಸ್ಪ್ರಿಂಗ್ ವಾಪಸ್ ಹಾಕಿದೆವು.

ಖಾಸಗಿ ಟ್ರ್ಯಾಕಿನಲ್ಲಿ, ನುಣುಪು ನೆಲದಲ್ಲಿ, ಸ್ಪ್ರಿಂಗಿಗೆ ತಕ್ಕ ಶಾಕಪ್ ಮತ್ತು ರೋಲ್ ಸೆಂಟರ್ ಸರಿಪಡಿಸುವ ಬಾಲ್ ಜಾಯಿಂಟ್ ಸಮೇತ ಇಳಿಸಿದರೆ ಗಾಡಿ ಖಂಡಿತ ಸುಧಾರಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಬರೀ ಸ್ಪ್ರಿಂಗ್ ಬದಲಿಸಿ ನಮ್ಮ ರಸ್ತೆಗೆ ಬಿಟ್ಟರೆ ಸುಧಾರಿಸುವುದು ಫೋಟೋ ಮಾತ್ರ.

ಈಗ ಗಾಡಿ ಹೊಸ ಬುಷ್, ಹೊಸ ಶಾಕಪ್, 185 ಟೈರ್, ಮೂಲ ಸ್ಪ್ರಿಂಗಿನಲ್ಲಿ ಓಡುತ್ತಿದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬಂದ ಅಳಿಯನಿಂದ ಹೊಸ ದೂರು ಬಂದಿಲ್ಲ, ಹೊಸ ಆಸೆ ಬಂದಿದೆ: ಬಾನೆಟ್ ಒಳಗೆ ಎರಡೂ ಸ್ಟ್ರಟ್ ಟವರುಗಳನ್ನು ಜೋಡಿಸುವ ಅಡ್ಡ ಬಾರ್. ಬಾರ್ ತರಿಸುವ ಮುನ್ನ ಆ ಟವರುಗಳು ನಿಜವಾಗಿ ಸರಿದಾಡುತ್ತವೆಯೋ ನೋಡಬೇಕು. ಒಂದರೊಳಗೊಂದು ಜಾರುವ ಎರಡು ತೆಳು ಅಲ್ಯೂಮಿನಿಯಂ ಪೈಪನ್ನು ಎರಡು ಟವರಿಗೆ ಬಿಗಿದು, ಕೂಡುವ ಜಾಗದಲ್ಲಿ ಕೇಬಲ್ ಟೈ ಹಾಕಿ ಅಂಗಳದಲ್ಲಿ ಸುತ್ತುವುದು ಯೋಜನೆ. ಟೈ ಒಂದು ಮಿಲಿಮೀಟರಾದರೂ ಸರಿದರೆ ಬಾರಿನ ದುಡ್ಡು ನನ್ನದು ಎಂದಿದ್ದೇನೆ. ಪೈಪ್ ತರಲು ಅವನು ಆಗಲೇ ದುರ್ಗದಬೈಲಿಗೆ ಹೋಗಿದ್ದಾನೆ.